ಆಫ್‌ರೋಡ್ ಗಾಡಿ ಸಾಗಿಸಲು ಟ್ರಕ್ಕು, ಟ್ರೈಲರ್ ಆರಿಸುವುದು ಹೇಗೆ? ಲೆಕ್ಕ ಹಿಂದಿನಿಂದ ಶುರುವಾಗಲಿ

ನಾನು ಮಾಡಿದ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ. ಎಲ್ಲಕ್ಕಿಂತ ಮುಂಚೆ ಪಿಕಪ್ ಟ್ರಕ್ ಕೊಂಡೆ. ಜಾಹೀರಾತಿನಲ್ಲಿ 3,500 ಕಿಲೋ ಎಳೆಯುತ್ತದೆ ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಸಾಕಲ್ಲ, ಇನ್ನೇನು ಬೇಕು ಅಂದುಕೊಂಡೆ. ಆಮೇಲೆ ಟ್ರೈಲರ್ ಬಂತು, ಅದರ ಮೇಲೆ ಕಾಡು-ಗುಡ್ಡದಲ್ಲಿ ಓಡಿಸುವ ಎರಡು ಆಫ್‌ರೋಡ್ ಗಾಡಿ ಬಂದವು. ಮನೆಮಂದಿ, ಡೇರೆ, ಸಾಮಾನು ಎಲ್ಲ ತುಂಬಿಕೊಂಡು ಹೊರಟ ಮೊದಲ ರಾತ್ರಿ ನೋಡುತ್ತೇನೆ, ಟ್ರಕ್ಕಿನ ಹಿಂಭಾಗ ಕುಸಿದು ಕೂತಿದೆ. ಹೆಡ್‌ಲೈಟ್ ರಸ್ತೆ ಬಿಟ್ಟು ಮರದ ಕೊಂಬೆಗಳನ್ನು ತೋರಿಸುತ್ತಿದೆ. ಸ್ಟೇರಿಂಗ್ ಕೈಗೆ ಹತ್ತಿ ಹಿಡಿದಂತೆ ಹಗುರ.

ಟ್ರೈಲರಿನ ಒಟ್ಟು ತೂಕ 2,300 ಕಿಲೋ ಅಷ್ಟೇ. ಎಳೆಯುವ ಮಿತಿಗೆ ಇನ್ನೂ 1,200 ಕಿಲೋ ಬಾಕಿ ಇತ್ತು. ಮೀರಿದ್ದು ಎಳೆಯುವ ಮಿತಿ ಅಲ್ಲ, ಹೊರುವ ಮಿತಿ. ಇವೆರಡೂ ಬೇರೆ ಬೇರೆ ಅನ್ನುವುದು ಆವತ್ತೇ ತಲೆಗೆ ಹೋಗಿದ್ದು.

ಹಾಗಾಗಿ ಲೆಕ್ಕವನ್ನು ಹಿಂದಿನಿಂದ ಶುರು ಮಾಡಿ. ಮೊದಲು ಸಾಗಿಸಬೇಕಾದ ಗಾಡಿ, ಆಮೇಲೆ ಅದಕ್ಕೆ ತಕ್ಕ ಟ್ರೈಲರ್, ಕೊನೆಗೆ ಆ ಟ್ರೈಲರಿಗೆ ತಕ್ಕ ಟ್ರಕ್ಕು. ಟ್ರಕ್ಕು ಈಗಾಗಲೇ ಮನೆಯಲ್ಲಿದ್ದರೂ ಇದೇ ದಾರಿ. ಆಗ ಕೊನೆಯಲ್ಲಿ ಸಿಗುವ ಉತ್ತರ 'ಆಗುತ್ತೆ' ಅಥವಾ 'ಆಗಲ್ಲ' ಎಂದಿರುತ್ತದೆ.

ಹೆಜ್ಜೆ 1: ಗಾಡಿಯನ್ನು ಅಳೆಯಿರಿ, ತೂಗಿರಿ

ಅಂದಾಜು ತೂಕಗಳು ಹೀಗಿವೆ. ಡರ್ಟ್ ಬೈಕ್ 100ರಿಂದ 125 ಕಿಲೋ. ಹ್ಯಾಂಡಲ್ ಹಿಡಿದು ಓಡಿಸುವ ನಾಲ್ಕು ಚಕ್ರದ ಎಟಿವಿ 250ರಿಂದ 400 ಕಿಲೋ. ಸ್ಟೇರಿಂಗ್, ಸೀಟು, ಕಬ್ಬಿಣದ ಪಂಜರ ಇರುವ ಸೈಡ್-ಬೈ-ಸೈಡ್ ಎರಡು ಸೀಟಿನದಾದರೆ 500ರಿಂದ 800 ಕಿಲೋ, ನಾಲ್ಕು ಸೀಟಿನದು 700ರಿಂದ 1,000 ಕಿಲೋ. ದೊಡ್ಡ ಟೈರು ಹಾಕಿಸಿದ ಜೀಪ್ 2,000 ಕಿಲೋ ದಾಟುವುದು ಸಾಮಾನ್ಯ.

ಆದರೆ ಕಂಪನಿಯವರು ಕೊಡುವುದು ಹೆಚ್ಚಾಗಿ ಒಣ ತೂಕ. ಪೆಟ್ರೋಲ್, ಆಯಿಲ್, ಕೂಲೆಂಟ್ ಯಾವುದೂ ಅದರಲ್ಲಿ ಸೇರಿರುವುದಿಲ್ಲ. ಆಮೇಲೆ ನಾವು ಹಾಕಿಸುವ ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ರಾಟೆ), ಛಾವಣಿ, ಗಾಜು, ಸ್ಪೀಕರ್, ಸ್ಟೆಪ್ನಿ ಇವೆ. ಒಂದೊಂದೂ ಚಿಕ್ಕದೇ, ಕೂಡಿಸಿದರೆ 80-100 ಕಿಲೋ ಆಗಿಬಿಡುತ್ತದೆ. ವೇಬ್ರಿಡ್ಜ್ ಹತ್ತಿರದಲ್ಲಿದ್ದರೆ ಒಮ್ಮೆ ನಿಜವಾದ ತೂಕ ಹಾಕಿಸಿ.

ಅಳತೆಯಲ್ಲಿ ಮುಖ್ಯವಾದದ್ದು ಅಗಲ. ಟೈರಿನ ಹೊರ ಅಂಚಿನಿಂದ ಹೊರ ಅಂಚಿಗೆ ಟೇಪು ಹಿಡಿಯಿರಿ. ಸೈಡ್-ಬೈ-ಸೈಡ್‌ಗಳು 50, 60, 64, 72 ಇಂಚು ಹೀಗೆ ಬೇರೆ ಬೇರೆ ಅಗಲದಲ್ಲಿ ಬರುತ್ತವೆ. ಉದ್ದ ಎರಡು ಸೀಟಿನದಕ್ಕೆ ಸುಮಾರು 3 ಮೀಟರ್, ನಾಲ್ಕು ಸೀಟಿನದಕ್ಕೆ 3.7ರಿಂದ 4.1 ಮೀಟರ್. ಮುಚ್ಚಿದ ಟ್ರೈಲರ್ ಬೇಕು ಅನ್ನುವವರು ಎತ್ತರವನ್ನೂ ಬರೆದಿಟ್ಟುಕೊಳ್ಳಿ. ಮೇಲೆ ನಿಂತಿರುವ ಆಂಟೆನಾ, ಲೈಟಿನ ಪಟ್ಟಿ ಲೆಕ್ಕಕ್ಕೆ ಬರಲಿ.

ಇನ್ನೊಂದು ಪ್ರಶ್ನೆ ನಿಮಗೆ ನೀವೇ ಕೇಳಿಕೊಳ್ಳಿ: ಎರಡು ವರ್ಷದಲ್ಲಿ ಇನ್ನೊಂದು ಗಾಡಿ ಬರುತ್ತದಾ? ಈ ಹವ್ಯಾಸದಲ್ಲಿ ಬಹಳ ಮಂದಿಗೆ ಬರುತ್ತದೆ.

ಟ್ರೈಲರೇ ಬೇಡದವರು

ಒಂದೆರಡು ಡರ್ಟ್ ಬೈಕ್ ಅಥವಾ ಒಂದೇ ಒಂದು ಎಟಿವಿ ಇದ್ದರೆ ಟ್ರಕ್ಕಿನ ತೊಟ್ಟಿಯೇ ಸಾಕಾಗಬಹುದು. ದೊಡ್ಡ ಪಿಕಪ್‌ಗಳಲ್ಲಿ ಹಿಂಚಕ್ರದ ಉಬ್ಬುಗಳ ನಡುವೆ ಸುಮಾರು 50 ಇಂಚು ಜಾಗ ಇರುತ್ತದೆ. ಎಟಿವಿಗಳು ಬಹುಪಾಲು 46-48 ಇಂಚು ಅಗಲ, ಹಾಗಾಗಿ ಕೂರುತ್ತವೆ. ಮಧ್ಯಮ ಗಾತ್ರದ ಪಿಕಪ್‌ನಲ್ಲಿ ಈ ಜಾಗ ಕಡಿಮೆ, ಅಳೆದೇ ನೋಡಬೇಕು. ಸೈಡ್-ಬೈ-ಸೈಡ್ ಮಾತ್ರ ಇಲ್ಲಿ ಕೂರುವುದಿಲ್ಲ ಅಂತಲೇ ತಿಳಿಯಿರಿ.

ತೊಟ್ಟಿಗೆ ಹತ್ತಿಸುವಾಗ ಒಂದು ಅಪಾಯ ಇದೆ. ತೊಟ್ಟಿ ನೆಲದಿಂದ 85-90 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. 2.4 ಮೀಟರ್ ಉದ್ದದ ಹಲಗೆ ಇಟ್ಟರೂ ಇಳಿಜಾರು 20 ಡಿಗ್ರಿ ದಾಟುತ್ತದೆ. ಮುಂದಿನ ಚಕ್ರ ತೊಟ್ಟಿ ಮುಟ್ಟಿ, ಹಿಂದಿನ ಚಕ್ರ ಒತ್ತಿದ ಕ್ಷಣ ಹಲಗೆ ಹಿಂದಕ್ಕೆ ಜಾರುತ್ತದೆ. ಗಾಡಿ ನಿಮ್ಮ ಮೇಲೆಯೇ ಬೀಳಬಹುದು. ಹಲಗೆಯನ್ನು ಟ್ರಕ್ಕಿಗೆ ಬೆಲ್ಟಿನಿಂದ ಬಿಗಿಯದೆ ಯಾವತ್ತೂ ಹತ್ತಿಸಬೇಡಿ, 'ಒಂದೇ ಸಲ ತಾನೆ' ಅನ್ನುವಾಗಲೂ ಬೇಡ.

ಹೆಜ್ಜೆ 2: ಟ್ರೈಲರ್

ತೆರೆದದ್ದೋ ಮುಚ್ಚಿದ್ದೋ? ಮೊದಲ ಟ್ರೈಲರ್ ಆದರೆ ತೆರೆದದ್ದನ್ನೇ ತಗೊಳ್ಳಿ ಅನ್ನುವುದು ನನ್ನ ಅಭಿಪ್ರಾಯ. ಹಗುರ, ಅಗ್ಗ, ಹಿಂದೆ ಏನಾಗುತ್ತಿದೆ ಅಂತ ಕನ್ನಡಿಯಲ್ಲಿ ಕಾಣುತ್ತದೆ, ಗಾಳಿಯ ಕಾಟ ಕಡಿಮೆ. ಗಾಡಿಗೆ ಧೂಳು, ಮಳೆ ತಾಗುತ್ತದೆ, ನಿಜ. ಆದರೆ ಕೆಸರಿನಲ್ಲಿ ಹೊರಳಾಡಿಸಲೆಂದೇ ಕೊಂಡ ಗಾಡಿ ಅದು, ಅಲ್ವಾ?

ಮುಚ್ಚಿದ ಟ್ರೈಲರ್ ಕಳ್ಳರಿಂದ ಕಾಪಾಡುತ್ತದೆ, ಸಾಮಾನು ಇಡಲು ಕಪಾಟು ಕೊಡುತ್ತದೆ. ಬದಲಿಗೆ ಖಾಲಿ ಇದ್ದಾಗಲೇ 1,000 ಕಿಲೋಗಿಂತ ಜಾಸ್ತಿ ತೂಗಬಹುದು. ಅದಕ್ಕಿಂತ ದೊಡ್ಡ ತಲೆನೋವು ಗಾಳಿ. ಗೋಡೆಯಂಥ ಮುಖವನ್ನು ಹೆದ್ದಾರಿಯಲ್ಲಿ ತಳ್ಳಿಕೊಂಡು ಹೋಗಲು ಎಂಜಿನ್ ಒದ್ದಾಡುತ್ತದೆ, ಅಡ್ಡಗಾಳಿಗೆ ಇಡೀ ಸಾಲೇ ತೊನೆಯುತ್ತದೆ. ಅನೇಕ ಟ್ರಕ್ಕುಗಳ ಕೈಪಿಡಿಯಲ್ಲಿ ತೂಕದ ಜೊತೆ ಟ್ರೈಲರಿನ ಮುಂಭಾಗದ ವಿಸ್ತೀರ್ಣಕ್ಕೂ ಮಿತಿ ಬರೆದಿರುತ್ತಾರೆ. ಆ ಪುಟ ಯಾರೂ ಓದುವುದಿಲ್ಲ. ಹಿಂದೆ ಗಾಡಿ, ಮುಂದೆ ಹಾಸಿಗೆ-ಅಡುಗೆಮನೆ ಇರುವ ಟಾಯ್ ಹಾಲರ್‌ಗಳೂ ಇದೇ ಜಾತಿ, ಇನ್ನೂ ಭಾರ. ಅದರಲ್ಲಿ ಮಲಗುವವರು ಪೆಟ್ರೋಲ್ ಆವಿಯ ಬಗ್ಗೆ ಎಚ್ಚರವಾಗಿರಿ. ಗಾಡಿ ಕೆಳಗಿಳಿಸಿ, ಬಾಗಿಲು ತೆರೆದಿಟ್ಟು, ವಾಸನೆ ಪೂರ್ತಿ ಹೋದ ಮೇಲೆಯೇ ಮಲಗಿ.

ಗಾತ್ರ: ಸಾಲಾಗಿ ನಿಲ್ಲುವ ಗಾಡಿಗಳ ಉದ್ದ ಕೂಡಿಸಿ, ಬೆಲ್ಟು ಕಟ್ಟಲು, ಓಡಾಡಲು ಸ್ವಲ್ಪ ಸೇರಿಸಿ. ಒಂದು ಎಟಿವಿಗೆ 8-10 ಅಡಿ ಸಾಕು. ಎರಡು ಸೀಟಿನ ಒಂದು ಸೈಡ್-ಬೈ-ಸೈಡ್‌ಗೆ 12-14 ಅಡಿ. ನಾಲ್ಕು ಸೀಟಿನದರ ಜೊತೆ ಒಂದು ಎಟಿವಿ ಎಂದರೆ 20 ಅಡಿ. ಅಗಲದಲ್ಲಿ ಮಡ್‌ಗಾರ್ಡುಗಳ ನಡುವಿನ ಜಾಗವೇ ನಿಜವಾದ ಜಾಗ. ಕಾರು ಸಾಗಿಸುವ ದೊಡ್ಡ ಟ್ರೈಲರುಗಳಲ್ಲಿ ಅದು ಸುಮಾರು 82 ಇಂಚು ಇರುತ್ತದೆ, 72 ಇಂಚಿನ ಗಾಡಿ ಆರಾಮಾಗಿ ಹೋಗುತ್ತದೆ. ಚಿಕ್ಕ ಟ್ರೈಲರುಗಳಲ್ಲಿ 60 ಇಂಚೋ 76 ಇಂಚೋ ಇದ್ದು ಪಜೀತಿಯಾಗುತ್ತದೆ. ಹಲಗೆ ಚಕ್ರಗಳ ಮೇಲೆಯೇ ಹಾಸಿರುವ ಟ್ರೈಲರಿನಲ್ಲಿ ಪೂರ್ತಿ ಅಗಲ ಸಿಗುತ್ತದೆ. ಆದರೆ ಭಾರ ಅಷ್ಟೂ ಮೇಲೆ ಹೋಗುತ್ತದೆ, ಹತ್ತಿಸುವುದೂ ಕಷ್ಟ.

ಒಂದು ಆಕ್ಸಲ್ಲೋ (ಎರಡು ಬದಿಯ ಚಕ್ರ ಹಿಡಿದ ಅಚ್ಚು) ಎರಡೋ? ಹೆಚ್ಚು ಬಳಕೆಯಲ್ಲಿರುವ ಚಿಕ್ಕ ಆಕ್ಸಲ್ ಹೊರುವುದು 3,500 ಪೌಂಡು, ಅಂದರೆ ಸುಮಾರು 1,590 ಕಿಲೋ. ಅದರಲ್ಲಿ ಟ್ರೈಲರಿನ ಸ್ವಂತ ತೂಕವೂ ಸೇರಿದೆ. ಒಂದೇ ಗಾಡಿಯವರಿಗೆ ಇದು ಸಾಕು. ಇಕ್ಕಟ್ಟಿನಲ್ಲಿ ಕೈಯಿಂದ ತಳ್ಳಿ ತಿರುಗಿಸಬಹುದು, ಟೈರು-ಬೇರಿಂಗಿನ ಖರ್ಚೂ ಅರ್ಧ. ಒಟ್ಟು ತೂಕ 1,400 ಕಿಲೋ ಮೀರಿದರೆ ನಾನಂತೂ ಎರಡು ಆಕ್ಸಲ್ ಬಿಟ್ಟು ಬೇರೆ ಮಾತಾಡುವುದಿಲ್ಲ. ಒಂದು ಟೈರು ಸಿಡಿದರೂ ಪಕ್ಕಕ್ಕೆ ತಂದು ನಿಲ್ಲಿಸುವಷ್ಟು ಸ್ಥಿರತೆ ಉಳಿಯುತ್ತದೆ. ಹೆದ್ದಾರಿಯಲ್ಲಿ ನೇರವಾಗಿಯೂ ಓಡುತ್ತದೆ.

ಸಸ್ಪೆನ್ಷನ್ ಎರಡು ಬಗೆ. ಉಕ್ಕಿನ ಪಟ್ಟಿ ಜೋಡಿಸಿದ ಲೀಫ್ ಸ್ಪ್ರಿಂಗ್ ಎಲ್ಲಿ ಬೇಕಾದರೂ ರಿಪೇರಿ ಆಗುತ್ತದೆ. ಆಕ್ಸಲ್ ಕೊಳವೆಯೊಳಗೆ ರಬ್ಬರ್ ತಿರುಚುವ ಟಾರ್ಷನ್ ಬಗೆ ಮೆತ್ತಗೆ ಓಡುತ್ತದೆ, ಟ್ರೈಲರಿನ ಹಲಗೆಯನ್ನೂ ತಗ್ಗಿಗೆ ತರುತ್ತದೆ. ಆದರೆ ಎರಡು ಆಕ್ಸಲ್ ಟಾರ್ಷನ್ ಇದ್ದು ಟ್ರೈಲರ್ ಮೂತಿ ಎತ್ತಿಕೊಂಡು ಓಡಿದರೆ, ಹಿಂದಿನ ಆಕ್ಸಲ್ ಒಂದೇ ಬಹುಪಾಲು ಭಾರ ತಿನ್ನುತ್ತದೆ. ಲೀಫ್ ಸ್ಪ್ರಿಂಗಿನಲ್ಲಿ ನಡುವಿನ ಕೊಂಡಿ ಭಾರ ಹಂಚಿಕೊಡುವುದರಿಂದ ಈ ಕಾಟ ಕಡಿಮೆ.

ಬ್ರೇಕಿನಲ್ಲಿ ಜಿಪುಣತನ ಬೇಡ. ಕಾನೂನು ಎಷ್ಟು ತೂಕದಿಂದ ಬ್ರೇಕು ಕೇಳುತ್ತದೆ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಯುರೋಪ್ ಮತ್ತು ಆಸ್ಟ್ರೇಲಿಯಾದಲ್ಲಿ 750 ಕಿಲೋ ದಾಟಿದ ಟ್ರೈಲರಿಗೆ ಬ್ರೇಕು ಬೇಕೇ ಬೇಕು. ಅಮೆರಿಕದ ಬಹಳ ರಾಜ್ಯಗಳಲ್ಲಿ ಈ ಗೆರೆ 3,000 ಪೌಂಡು. ಅದಕ್ಕೇ ಅಲ್ಲಿ 2,990 ಪೌಂಡು ಅಂತ ಮುದ್ರೆ ಒತ್ತಿದ ಬ್ರೇಕಿಲ್ಲದ ಟ್ರೈಲರುಗಳು ರಾಶಿ ರಾಶಿ ಸಿಗುತ್ತವೆ. ಆ ಸಂಖ್ಯೆ ನೋಡಿದರೆ ಎಂಜಿನಿಯರ್ ಬರೆದದ್ದೋ ವಕೀಲ ಬರೆದದ್ದೋ ಅನ್ನುವುದು ಗೊತ್ತಾಗುತ್ತದೆ. ಕಾನೂನು ಏನೇ ಇರಲಿ, 700-800 ಕಿಲೋ ದಾಟಿದರೆ ಬ್ರೇಕು ಹಾಕಿಸಿಕೊಳ್ಳಿ. ಗಂಟೆಗೆ 80ರ ಬದಲು 100 ಕಿಲೋಮೀಟರ್ ಓಡಿಸಿದರೆ ವೇಗ ಕಾಲು ಭಾಗ ಹೆಚ್ಚಿದಂತೆ ಕಾಣುತ್ತದೆ. ನಿಲ್ಲಿಸಬೇಕಾದ ಶಕ್ತಿ ಮಾತ್ರ ಒಂದೂವರೆ ಪಟ್ಟು ಮೀರುತ್ತದೆ.

ಎಲೆಕ್ಟ್ರಿಕ್ ಬ್ರೇಕಿಗೆ ಟ್ರಕ್ಕಿನೊಳಗೆ ಕಂಟ್ರೋಲರ್ ಬೇಕು. ನೀವು ಎಷ್ಟು ಜೋರಾಗಿ ಬ್ರೇಕ್ ಒತ್ತುತ್ತೀರೋ ಅಷ್ಟಕ್ಕೆ ತಕ್ಕ ಹಾಗೆ ಟ್ರೈಲರನ್ನೂ ಹಿಡಿಯುವ ಕಂಟ್ರೋಲರನ್ನೇ ಆರಿಸಿ. ಟ್ರಕ್ಕು ನಿಧಾನವಾದಾಗ ಟ್ರೈಲರ್ ಮುಂದೊತ್ತುವ ಬಲದಿಂದಲೇ ಹಿಡಿಯುವ ಬ್ರೇಕಿಗೆ ಕಂಟ್ರೋಲರ್ ಬೇಡ, ಆದರೆ ಒಳಗೆ ಕೂತು ಅದನ್ನು ಬೇರೆಯಾಗಿ ಒತ್ತಲು ಬರುವುದಿಲ್ಲ. ಟ್ರೈಲರ್ ಓಲಾಡುವಾಗ ಅದರ ಬ್ರೇಕನ್ನಷ್ಟೇ ಒತ್ತುವ ಅನುಕೂಲ ದೊಡ್ಡದು, ಯಾಕೆ ಅಂತ ಮುಂದೆ ಹೇಳುತ್ತೇನೆ.

ಕಬ್ಬಿಣದ ಟ್ರೈಲರಿಗಿಂತ ಅಲ್ಯೂಮಿನಿಯಂನದು ಬಹಳ ಹಗುರ, ತುಕ್ಕು ಹಿಡಿಯುವುದಿಲ್ಲ, ಬೆಲೆ ಜಾಸ್ತಿ. ಟ್ರಕ್ಕಿನ ಮಿತಿಗೆ ಸ್ವಲ್ಪದರಲ್ಲಿ ಸಾಲದೆ ಬರುತ್ತಿದ್ದರೆ, ದೊಡ್ಡ ಟ್ರಕ್ಕು ಕೊಳ್ಳುವುದಕ್ಕಿಂತ ಇದೇ ಅಗ್ಗವಾಗಬಹುದು. ಕೂಡಿಸಿ ಕಳೆದು ನೋಡಿ.

ಹಳೇ ಟ್ರೈಲರ್ ಕೊಳ್ಳುವವರು ಬಣ್ಣ ನೋಡಿ ಮರುಳಾಗಬೇಡಿ. ಕೆಳಗೆ ಮಲಗಿ ಬೆಸುಗೆ ನೋಡಿ. ಜ್ಯಾಕ್ ಕೊಟ್ಟು ಚಕ್ರ ಎತ್ತಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ. ಲಟಪಟ ಅಂದರೆ ಬೇರಿಂಗ್ ನೋಡಬೇಕು. ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕಂಕಿ ಓದಿ. ಮೊದಲೆರಡು ವಾರ, ಕೊನೆಯೆರಡು ವರ್ಷ. 1421 ಎಂದಿದ್ದರೆ 2021ರ 14ನೇ ವಾರದ್ದು. ಟ್ರೈಲರಿನ ಟೈರು ಸವೆದು ಸಾಯುವುದಕ್ಕಿಂತ ಬಿಸಿಲಲ್ಲಿ ನಿಂತು ನಿಂತೇ ಸಾಯುವುದು ಹೆಚ್ಚು. ಐದಾರು ವರ್ಷ ದಾಟಿದ್ದರೆ ಟೈರಿನ ಗೀರು ಎಷ್ಟೇ ಆಳವಿದ್ದರೂ ಬದಲಿಸಿ. ಟ್ರೈಲರಿಗೆಂದೇ ಮಾಡಿದ ಎಸ್‌ಟಿ ಗುರುತಿನ ಟೈರುಗಳು, ಬೇರೆ ವೇಗ ಬರೆದಿರದಿದ್ದರೆ, ಗಂಟೆಗೆ 65 ಮೈಲಿಗೆ ಮಾಡಿದವು. ಅದು ಸುಮಾರು 105 ಕಿಲೋಮೀಟರ್.

ಹೆಜ್ಜೆ 3: ಮುಂಭಾರ ಅನ್ನುವ ಮುಖ್ಯ ಸಂಗತಿ

ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾಡಿ ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು ನೊಗ ಕೊರಳಿಗೆ ಬರುತ್ತದೆ. ಟ್ರೈಲರಿನ ಲೆಕ್ಕವೂ ಇದೇ. ಟ್ರೈಲರಿನ ಮೂಕಿ, ಅಂದರೆ ಮುಂದಿನ ಎಳೆಕೋಲು, ಟ್ರಕ್ಕಿನ ಹಿಂದಿರುವ ಉಕ್ಕಿನ ಗುಂಡಿನ (ಬಾಲ್) ಮೇಲೆ ಎಷ್ಟು ಒತ್ತುತ್ತದೆ ಅನ್ನುವುದು ಎಲ್ಲಕ್ಕಿಂತ ಮುಖ್ಯ.

ಟ್ರಕ್ಕಿನ ಹಿಂಬದಿಗೆ ಸಿಕ್ಕಿಸುವ ಮಾಮೂಲಿ ಟ್ರೈಲರಿಗೆ, ಇಂಥ ಗಾಡಿಗಳನ್ನು ಹೇರಿದಾಗ, ತುಂಬಿದ ತೂಕದ ಶೇ. 10ರಿಂದ 15ರಷ್ಟು ಮುಂಭಾರ ಇರಬೇಕು. ತೊಟ್ಟಿಯ ನಡುವೆ ಕೂರುವ ಗೂಸ್‌ನೆಕ್ ಬಗೆಗೆ ಶೇ. 15ರಿಂದ 25. ಯುರೋಪಿನ ಕಾರುಗಳ ಬಾಲ್‌ಗಳಿಗೆ ಇದಕ್ಕಿಂತ ತುಂಬ ಕಡಿಮೆ ಮಿತಿ ಇರುತ್ತದೆ, ಅಲ್ಲಿನ ಟ್ರೈಲರುಗಳನ್ನೂ ಅದಕ್ಕೆ ತಕ್ಕಂತೆ ಕಟ್ಟಿರುತ್ತಾರೆ. ಹಾಗಾಗಿ ಎಲ್ಲಿದ್ದರೂ ಬಾಲ್ ಪಕ್ಕದ ತಗಡಿನ ಮೇಲೆ ಬರೆದ ಮಿತಿ ಮೊದಲು ಓದಿ.

ಮುಂಭಾರ ಕಡಿಮೆಯಾದರೆ ಏನಾಗುತ್ತದೆ? ಒಂದು ವೇಗದ ತನಕ ಏನೂ ಆಗುವುದಿಲ್ಲ. ಅದೇ ಮೋಸ. ಆಮೇಲೆ ಒಂದು ಇಳಿಜಾರು, ಪಕ್ಕದಲ್ಲಿ ಒಂದು ದೊಡ್ಡ ಲಾರಿ ಸುಯ್ಯಂತ ಹೋಗುತ್ತದೆ, ಟ್ರೈಲರ್ ಎಡಕ್ಕೂ ಬಲಕ್ಕೂ ಬಾಲ ಬೀಸಲು ಶುರು ಮಾಡುತ್ತದೆ. ಪ್ರತಿ ಬೀಸೂ ಹಿಂದಿನದಕ್ಕಿಂತ ದೊಡ್ಡದು. ಆಗ ಸ್ಟೇರಿಂಗ್ ತಿರುಗಿಸಿ ಸರಿಮಾಡಲು ಹೋದರೆ ಇನ್ನೂ ಹೆಚ್ಚುತ್ತದೆ. ಟ್ರಕ್ಕಿನ ಬ್ರೇಕ್ ಜೋರಾಗಿ ಒತ್ತಿದರೆ ಟ್ರೈಲರ್ ಮುಂದೆ ನುಗ್ಗಿ ಟ್ರಕ್ಕನ್ನೇ ಮಡಚುತ್ತದೆ. ಮಾಡಬೇಕಾದದ್ದು: ಸ್ಟೇರಿಂಗ್ ನೇರ ಹಿಡಿಯಿರಿ, ಎಕ್ಸಲೇಟರಿನಿಂದ ಕಾಲು ತೆಗೆಯಿರಿ, ಕಂಟ್ರೋಲರಿನ ಗುಂಡಿಯಿಂದ ಟ್ರೈಲರಿನ ಬ್ರೇಕನ್ನಷ್ಟೇ ಮೆತ್ತಗೆ ಒತ್ತಿ. ಹಿಂದಿನಿಂದ ಎಳೆದಾಗ ಸಾಲು ನೇರವಾಗುತ್ತದೆ. ಆಮೇಲೆ ನಿಲ್ಲಿಸಿ, ಇಳಿದು, ಭಾರವನ್ನು ಮುಂದಕ್ಕೆ ಸರಿಸಿ. ಮತ್ತೆ ಅದೇ ಹೇರಿಕೆಯಲ್ಲಿ ಹೊರಡಬೇಡಿ.

ಅಂದಾಜಿಗೆ ಒಟ್ಟು ಭಾರದ ಶೇ. 60 ಆಕ್ಸಲ್ಲಿನ ಮುಂದೆ, ಶೇ. 40 ಹಿಂದೆ ಬರಲಿ. ಇಲ್ಲೊಂದು ಸೂಕ್ಷ್ಮ ಇದೆ. ಸೈಡ್-ಬೈ-ಸೈಡ್‌ಗಳ ಎಂಜಿನ್ ಬಹುಪಾಲು ಸೀಟಿನ ಹಿಂದೆ ಇರುತ್ತದೆ. ಅಂದರೆ ಅದರ ಭಾರ ಬಾಲದ ಕಡೆ. ಟ್ರೈಲರಿನ ನಡುವೆ ಚಂದವಾಗಿ ನಿಲ್ಲಿಸಿದರೂ ಹಿಂಭಾರ ಆಗಬಹುದು. ಕಣ್ಣಳತೆ ನಂಬಬೇಡಿ, ತೂಗಿ.

ಮನೆಯ ತೂಕದ ಯಂತ್ರದಲ್ಲೇ ತೂಗಬಹುದು. ಟ್ರೈಲರನ್ನು ಬಿಡಿಸಿ, ಸಮತಟ್ಟಾದ ಕಡೆ ಚಕ್ರಕ್ಕೆ ಅಡ್ಡ ಇಡಿ. ಮೂಕಿಯ ಎತ್ತರ ಟ್ರಕ್ಕಿಗೆ ಸಿಕ್ಕಿಸಿದಾಗ ಇರುವಷ್ಟೇ ಇರಲಿ. ಗಟ್ಟಿಯಾದ ಒಂದು ಮರದ ತೊಲೆ ತಗೊಂಡು ಒಂದು ತುದಿಯನ್ನು ಇಟ್ಟಿಗೆಯ ಮೇಲೆ, ಇನ್ನೊಂದು ತುದಿಯನ್ನು ತೂಕದ ಯಂತ್ರದ ಮೇಲೆ ಇಡಿ. ನಡುವೆ ಮೂರು ಅಡಿ ಅಂತರ. ಮೂಕಿ ಇಟ್ಟಿಗೆಯಿಂದ ಒಂದು ಅಡಿ, ಯಂತ್ರದಿಂದ ಎರಡು ಅಡಿ ದೂರದಲ್ಲಿ ತೊಲೆಯ ಮೇಲೆ ಕೂರಲಿ. ಯಂತ್ರ ತೋರಿಸಿದ್ದನ್ನು ಮೂರರಿಂದ ಗುಣಿಸಿದರೆ ಮುಂಭಾರ ಸಿಗುತ್ತದೆ. ಯಂತ್ರ 90 ತೋರಿಸಿದರೆ 270 ಕಿಲೋ. ತೊಲೆಯ ತೂಕ ಮೊದಲೇ ನೋಡಿ ಕಳೆದುಕೊಳ್ಳಿ.

ಹೆಜ್ಜೆ 4: ಈಗ ಟ್ರಕ್ಕು

ಟ್ರಕ್ಕಿನ ಬಾಗಿಲು ತೆಗೆದರೆ ಚೌಕಟ್ಟಿನ ಮೇಲೆ ಒಂದು ಚೀಟಿಯೋ ತಗಡೋ ಇರುತ್ತದೆ. ಅಂಗಡಿಯವರ ಮಾತಿಗಿಂತ, ಜಾಹೀರಾತಿಗಿಂತ ಅದೇ ಸತ್ಯ. ಯಾಕೆಂದರೆ ಅದು ಆ ಒಂದು ಟ್ರಕ್ಕಿಗೆ ಸೇರಿದ್ದು. ಅದರಿಂದಲೂ ಕೈಪಿಡಿಯಿಂದಲೂ ನಾಲ್ಕು ಸಂಖ್ಯೆ ಬರೆದುಕೊಳ್ಳಿ: ತುಂಬಿದ ಟ್ರಕ್ಕಿನ ಗರಿಷ್ಠ ತೂಕ, ಟ್ರಕ್ಕು-ಟ್ರೈಲರ್ ಎರಡೂ ಸೇರಿದ ಗರಿಷ್ಠ ತೂಕ, ಹಿಂದಿನ ಆಕ್ಸಲ್ ಹೊರುವ ಮಿತಿ, ಮತ್ತು ಪೇಲೋಡ್. ಪೇಲೋಡ್ ಅಂದರೆ ಟ್ರಕ್ಕು ತನ್ನ ಮೈಮೇಲೆ ಹೊರಬಹುದಾದ ಭಾರ. ಅದನ್ನು ಬರೆದಿರದಿದ್ದರೆ ಗರಿಷ್ಠ ತೂಕದಿಂದ ಖಾಲಿ ತೂಕ ಕಳೆಯಿರಿ.

ನನ್ನದೇ ಹೇರಿಕೆಯ ಲೆಕ್ಕ ಕೊಡುತ್ತೇನೆ. ನಾಲ್ಕು ಸೀಟಿನ ಸೈಡ್-ಬೈ-ಸೈಡ್ 850 ಕಿಲೋ, ಎಟಿವಿ 350. ಕ್ಯಾನಿನಲ್ಲಿ 40 ಲೀಟರ್ ಪೆಟ್ರೋಲ್, 30 ಕಿಲೋ. ಸ್ಟೆಪ್ನಿ, ಹಲಗೆ, ಹತಾರ, ಬೆಲ್ಟು ಸೇರಿ 120. ಕಬ್ಬಿಣದ 20 ಅಡಿ ಟ್ರೈಲರ್ 950. ಒಟ್ಟು 2,300 ಕಿಲೋ. ಮುಂಭಾರ ಶೇ. 12 ಹಿಡಿದರೆ 276.

ಟ್ರಕ್ಕಿನ ಮೇಲೆ ಬಂದದ್ದು: ಮುಂಭಾರ 276, ನಾಲ್ವರು ಜನ 300, ತೊಟ್ಟಿಯ ಸಾಮಾನು 150, ಬಾಲ್ ಮತ್ತು ಅದರ ಕೊಂಡಿ 25. ಒಟ್ಟು 751 ಕಿಲೋ. ನನ್ನ ಟ್ರಕ್ಕಿನ ಪೇಲೋಡ್ ಅದಕ್ಕಿಂತ ಕಡಿಮೆ ಇತ್ತು. ಅಷ್ಟೇ ಕಥೆ. ಎಳೆಯುವ ಮಿತಿ 3,500 ಇದ್ದರೇನು, 5,000 ಇದ್ದರೇನು.

ಇನ್ನೊಂದು ಬಲೆ ಇದೆ. ಟ್ರಕ್ಕಿನ ಗರಿಷ್ಠ 3,200, ಟ್ರೈಲರಿನ ಗರಿಷ್ಠ 3,500 ಎಂದಿರುತ್ತದೆ. ಎರಡೂ ಸೇರಿದ ಮಿತಿ 6,000 ಎಂದಿರುತ್ತದೆ. ಕೂಡಿಸಿ ನೋಡಿ, 6,700 ಬರುತ್ತದೆ. ಅಂದರೆ ಟ್ರೈಲರ್ ಪೂರ್ತಿ ತುಂಬಿದರೆ ಟ್ರಕ್ಕನ್ನು 700 ಕಿಲೋ ಹಗುರ ಮಾಡಬೇಕು. ಜಾಹೀರಾತಿನ ಟ್ರಕ್ಕಿನಲ್ಲಿ ಡ್ರೈವರ್ ಒಬ್ಬನೇ ಕೂತಿರುವುದು ಸುಮ್ನೆ ಅಲ್ಲ.

ಹಿಂದೆ ಕಂಪನಿಗಳು ಎಳೆಯುವ ಮಿತಿಯನ್ನು ತಮಗೆ ತೋಚಿದ ಹಾಗೆ ಬರೆದುಕೊಳ್ಳುತ್ತಿದ್ದವು. ಅಮೆರಿಕದಲ್ಲಿ ಅದಕ್ಕೆ ಎಸ್‌ಎಇ ಜೆ-2807 ಅನ್ನುವ ಒಂದೇ ಅಳತೆಗೋಲು ಬಂತು. 2011ರ ಮಾದರಿಗಳಿಗೆ ಅದನ್ನು ಮೊದಲು ಒಪ್ಪಿಕೊಂಡದ್ದು ಟೊಯೋಟಾ, ಉಳಿದವರು ಕೆಲವು ವರ್ಷ ತಡವಾಗಿ ಬಂದರು. ಅದರ ಒಂದು ಪರೀಕ್ಷೆ ಅರಿಜೋನಾದ ಡೇವಿಸ್ ಡ್ಯಾಮ್ ಏರಿನದು. 38 ಡಿಗ್ರಿ ಸೆಖೆ, ಎಸಿ ಪೂರ್ತಿ, ಸುಮಾರು 18 ಕಿಲೋಮೀಟರ್ ಏರು. ಮಾಮೂಲಿ ಪಿಕಪ್ ಗಂಟೆಗೆ 64 ಕಿಲೋಮೀಟರಿಗಿಂತ ಕೆಳಗೆ ಇಳಿಯಬಾರದು. ಹಳೇ ಟ್ರಕ್ಕು ನೋಡುತ್ತಿದ್ದರೆ ಅದರ ಮಿತಿ ಈ ಅಳತೆಗೋಲಿನದೋ ಅದಕ್ಕಿಂತ ಹಿಂದಿನದೋ ವಿಚಾರಿಸಿ.

ಡೀಸೆಲ್ಲೋ ಪೆಟ್ರೋಲೋ? ಮಲೆ, ಘಾಟಿ ಹತ್ತುವವರಿಗೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಬೇಕು. ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 2,000 ಮೀಟರ್ ಎತ್ತರದಲ್ಲಿ ಐದನೇ ಒಂದು ಪಾಲು ಹೋಯಿತು. ದೊಡ್ಡ ಡೀಸೆಲ್ ಟ್ರಕ್ಕಿಗೆ ಇನ್ನೊಂದು ವರ ಎಕ್ಸಾಸ್ಟ್ ಬ್ರೇಕ್, ಉದ್ದದ ಇಳಿಜಾರಿನಲ್ಲಿ ಕಾಲಿನ ಬ್ರೇಕು ಕಾಯದಂತೆ ಅದು ಕಾಪಾಡುತ್ತದೆ. ಆದರೆ ಡೀಸೆಲ್ ಎಂಜಿನ್ ತಾನೇ ಭಾರ. ಗರಿಷ್ಠ ತೂಕ ಅಷ್ಟೇ ಇದ್ದು ಎಂಜಿನ್ ಭಾರವಾದರೆ ಹೊಡೆತ ಬೀಳುವುದು ಪೇಲೋಡಿಗೆ. ಅಮೆರಿಕದಲ್ಲಿ 10,000 ಪೌಂಡಿಗೆ ಮಿತಿಗೊಳಿಸಿದ ಕೆಲವು ಡೀಸೆಲ್ ಟ್ರಕ್ಕುಗಳು ಅದೇ ಮಾದರಿಯ ಪೆಟ್ರೋಲ್ ಟ್ರಕ್ಕಿಗಿಂತ ಎಷ್ಟೋ ಕಡಿಮೆ ಹೊರುತ್ತವೆ. ವರ್ಷಕ್ಕೆ ನಾಲ್ಕು ಸಲ, ಬಯಲು ದಾರಿಯಲ್ಲಿ ಓಡುವವರಿಗೆ ಪೆಟ್ರೋಲೇ ಸಾಕು ಅನ್ನುತ್ತೇನೆ. ಡೀಸೆಲ್ ಅಭಿಮಾನಿಗಳು ಬೈಯಲಿ.

ಆಕ್ಸಲ್ ಗೇರ್ ಅನುಪಾತವನ್ನೂ (ಚಕ್ರ ಒಮ್ಮೆ ಸುತ್ತಲು ಡ್ರೈವ್ ಶಾಫ್ಟ್ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದು) ಕೇಳಿ. 3.55ಕ್ಕಿಂತ 3.73, ಅದಕ್ಕಿಂತ 4.10 ಎಳೆಯಲು ಚೆನ್ನ. ಒಂದೇ ಮಾದರಿಯ ಎರಡು ಟ್ರಕ್ಕುಗಳ ಮಿತಿ ಇದೊಂದರಿಂದಲೇ ಬೇರೆಯಾಗಬಹುದು. ಎತ್ತರಿಸಿ ದಪ್ಪ ಟೈರು ಹಾಕಿಸಿದ ಹಳೇ ಟ್ರಕ್ಕು ನೋಡಲು ಗತ್ತಾಗಿರುತ್ತದೆ. ಎಳೆಯಲು ಬೇಡ. ದೊಡ್ಡ ಟೈರು ಗೇರಿನ ಎಳೆಯುವ ಬಲ ತಗ್ಗಿಸುತ್ತದೆ, ಬ್ರೇಕಿಗೆ ಕೆಲಸ ಹೆಚ್ಚಿಸುತ್ತದೆ, ಬಾಲನ್ನು ಆಕಾಶಕ್ಕೆ ಎತ್ತುತ್ತದೆ. ಟ್ರಕ್ಕಿನ ಚಕ್ರಾಂತರ (ಮುಂಚಕ್ರಕ್ಕೂ ಹಿಂಚಕ್ರಕ್ಕೂ ನಡುವಿನ ದೂರ) ಉದ್ದ ಇದ್ದಷ್ಟೂ ಟ್ರೈಲರಿನ ಜಗ್ಗಾಟ ಕಡಿಮೆ. ಗೇರ್‌ಬಾಕ್ಸ್ ಆಯಿಲ್ ತಣ್ಣಗಿಡುವ ಕೂಲರ್, ಎಳೆಯುವಾಗ ಒತ್ತುವ ಟೋ ಮೋಡ್ ಗುಂಡಿ, ಅಗಲ ಕನ್ನಡಿ ಇವು ಮೊದಲೇ ಇದ್ದರೆ ಒಳ್ಳೆಯದು.

ಯಾವ ಮಿತಿಯಲ್ಲೂ ಶೇ. 15-20 ಬಾಕಿ ಉಳಿಸಿಕೊಳ್ಳಿ. ಹೋಗುವಾಗ ಇಲ್ಲದ ಕೆಸರು ಬರುವಾಗ ಇರುತ್ತದೆ, ಅದಕ್ಕೂ ತೂಕ ಇದೆ.

ಹೆಜ್ಜೆ 5: ಎರಡನ್ನೂ ಜೋಡಿಸುವುದು

ಸರಪಳಿಯಲ್ಲಿ ಬಲಹೀನ ಕೊಂಡಿಯದೇ ಮಿತಿ. ಹಿಚ್ (ಟ್ರಕ್ಕಿನ ಹಿಂಬದಿಯ ಜೋಡಣೆ), ಬಾಲ್ ಹಿಡಿದ ಸರಳು, ಬಾಲ್, ಅದರ ಮೇಲೆ ಕೂರುವ ಟ್ರೈಲರಿನ ಕಪ್ಲರ್ ನಾಲ್ಕರ ಮೇಲೂ ಬರೆದಿರುವುದನ್ನು ಓದಿ, ಅತಿ ಕಡಿಮೆಯದನ್ನು ಹಿಡಿಯಿರಿ. ಬಾಲ್ ಅಳತೆ ಕಪ್ಲರಿನ ಅಳತೆಯಷ್ಟೇ ಇರಬೇಕು. 2 5/16 ಇಂಚಿನ ಕಪ್ಲರ್ 2 ಇಂಚಿನ ಬಾಲ್ ಮೇಲೂ ಕೂತು ಲಾಕ್ ಆದ ಹಾಗೆ ಕಾಣುತ್ತದೆ. ಮೊದಲ ಹಳ್ಳಕ್ಕೆ ಎಗರಿ ಹೊರಬರುತ್ತದೆ. ಸಿಕ್ಕಿಸಿದ ಮೇಲೆ ಟ್ರೈಲರಿನ ಜ್ಯಾಕಿನಿಂದ ಮೂಕಿಯನ್ನು ಸ್ವಲ್ಪ ಎತ್ತಿ ನೋಡಿ. ಟ್ರಕ್ಕಿನ ಹಿಂಭಾಗವೂ ಜೊತೆಗೆ ಎದ್ದರೆ ಸರಿಯಾಗಿ ಕೂತಿದೆ.

ಟ್ರೈಲರ್ ಸಮತಟ್ಟಾಗಿ ಅಥವಾ ಒಂಚೂರು ಮೂತಿ ತಗ್ಗಿಸಿ ನಿಲ್ಲಬೇಕು. ಮೂತಿ ಎತ್ತಿದ್ದರೆ ಬಾಲ್ ಸರಳನ್ನು ಬದಲಿಸಿ. ಸುರಕ್ಷತಾ ಸರಪಳಿಗಳನ್ನು ಮೂಕಿಯ ಕೆಳಗೆ ಕತ್ತರಿಯಂತೆ ಅಡ್ಡ ಹಾಯಿಸಿ. ಕಳಚಿದರೆ ಮೂಕಿ ನೆಲಕ್ಕೆ ಕುಕ್ಕದೆ ಅವುಗಳ ಮೇಲೆ ಬೀಳುತ್ತದೆ. ಕಳಚಿದಾಗ ಟ್ರೈಲರಿನ ಬ್ರೇಕು ತಾನಾಗಿ ಹಿಡಿಯುವಂತೆ ಮಾಡುವ ತೆಳ್ಳಗಿನ ತಂತಿಯನ್ನು ಟ್ರಕ್ಕಿನ ಮೈಗೇ ಸಿಕ್ಕಿಸಿ, ಬಾಲಿಗಲ್ಲ.

ಹಿಂದೆ ಕುಸಿದ ಟ್ರಕ್ಕಿಗೆ ಭಾರ ಹಂಚುವ ಹಿಚ್ ಸಿಗುತ್ತದೆ. ಅದರ ಉಕ್ಕಿನ ಸರಳುಗಳು ಮುಂದಿನ ಚಕ್ರಗಳಿಗೆ ಭಾರ ಮರಳಿಸುತ್ತವೆ, ಸ್ಟೇರಿಂಗ್ ಮತ್ತೆ ಹಿಡಿತಕ್ಕೆ ಬರುತ್ತದೆ. ಒಳ್ಳೆಯ ವಸ್ತು. ಆದರೆ ಟ್ರಕ್ಕಿನ ಪೇಲೋಡನ್ನು ಅದು ಹೆಚ್ಚಿಸುವುದಿಲ್ಲ. ಗಾಳಿ ತುಂಬುವ ಬಲೂನ್ ಸ್ಪ್ರಿಂಗೂ ಅಷ್ಟೇ, ಎತ್ತಿ ತೋರಿಸುತ್ತದೆ, ಹೊರುವ ಶಕ್ತಿ ಕೊಡುವುದಿಲ್ಲ.

ಲೈಸೆನ್ಸ್ ವಿಚಾರ ನಿಮ್ಮ ಕಡೆಯ ನಿಯಮ ನೋಡಿಕೊಳ್ಳಿ. ಕೆಲವು ದೇಶಗಳಲ್ಲಿ ಕಾರಿನ ಲೈಸೆನ್ಸಿಗೆ ಎಳೆಯುವ ತೂಕದ ಮಿತಿ ಇದೆ. ಉದಾಹರಣೆಗೆ ಯುರೋಪಿಯನ್ ಒಕ್ಕೂಟದ ಮಾಮೂಲಿ ಬಿ ಲೈಸೆನ್ಸಿನಲ್ಲಿ 750 ಕಿಲೋಗಿಂತ ದೊಡ್ಡ ಟ್ರೈಲರ್ ಎಳೆದರೆ ಟ್ರಕ್ಕು-ಟ್ರೈಲರ್ ಸೇರಿ 3,500 ಕಿಲೋ ಮೀರುವಂತಿಲ್ಲ.

ಹೆಜ್ಜೆ 6: ಕಟ್ಟಿ, ತೂಗಿ, ಓಡಿಸಿ ನೋಡಿ

ಪ್ರತಿ ಗಾಡಿಗೆ ನಾಲ್ಕು ಮೂಲೆಗೆ, ಹಿಡಿ ಎಳೆದು ಬಿಗಿಯುವ ನಾಲ್ಕು ರ್ಯಾಚೆಟ್ ಬೆಲ್ಟು. ಬೆಲ್ಟಿನ ಮೇಲೆ ಎರಡು ಸಂಖ್ಯೆ ಇರುತ್ತವೆ: ಹರಿಯುವ ಭಾರ ಮತ್ತು ಕೆಲಸದ ಭಾರ. ಎರಡನೆಯದು ಸಾಮಾನ್ಯವಾಗಿ ಮೊದಲನೆಯದರ ಮೂರನೇ ಒಂದು ಪಾಲು, ಲೆಕ್ಕಕ್ಕೆ ಹಿಡಿಯಬೇಕಾದದ್ದು ಅದನ್ನೇ. ಸೈಡ್-ಬೈ-ಸೈಡ್‌ಗೆ ಚಕ್ರದ ಮೇಲೆ ಹಾಯಿಸುವ ಬೆಲ್ಟು ಉತ್ತಮ. ಚಕ್ರ ಬಿಗಿಯಾಗಿರುತ್ತದೆ, ಮೈ ತನ್ನ ಸ್ಪ್ರಿಂಗಿನ ಮೇಲೆ ಕುಣಿಯುತ್ತದೆ, ಬೆಲ್ಟು ಸಡಿಲಾಗುವುದಿಲ್ಲ. ಡರ್ಟ್ ಬೈಕಿನ ಮುಂದಿನ ಫೋರ್ಕನ್ನು ಪೂರ್ತಿ ಅದುಮಿ ಕಟ್ಟಬೇಡಿ, ಸೀಲು ಸೋರುತ್ತದೆ. ಮುಂಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಒಂದು ಮರದ ತುಂಡು ಇಟ್ಟು ಬಿಗಿಯಿರಿ. ಸಡಿಲ ಛಾವಣಿ, ಬಾವುಟದ ಕೋಲು, ಬಟ್ಟೆಯ ಬಾಗಿಲು ಬಿಚ್ಚಿಡಿ. ಹಿಮ್ಮುಖವಾಗಿ ನಿಲ್ಲಿಸಿದ ಗಾಡಿಯ ಛಾವಣಿಯೊಳಗೆ ಗಾಳಿ ಹೊಕ್ಕು ಕಿತ್ತುಕೊಂಡು ಹೋಗುವುದುಂಟು.

ಪೂರ್ತಿ ತುಂಬಿಸಿ, ಮನೆಮಂದಿಯನ್ನೂ ಕೂರಿಸಿಕೊಂಡು ಒಮ್ಮೆ ವೇಬ್ರಿಡ್ಜಿಗೆ ಹೋಗಿ. ಟ್ರೈಲರ್ ಸಿಕ್ಕಿಸಿದಂತೆಯೇ ಟ್ರಕ್ಕಿನ ನಾಲ್ಕು ಚಕ್ರ ಮಾತ್ರ ತೂಗಿಸಿ. ಆಮೇಲೆ ಟ್ರೈಲರ್ ಬಿಚ್ಚಿ ಟ್ರಕ್ಕನ್ನು ಮತ್ತೆ ತೂಗಿಸಿ. ಎರಡರ ವ್ಯತ್ಯಾಸವೇ ಮುಂಭಾರ. ಹಿಂದಿನ ಆಕ್ಸಲ್ಲನ್ನು ಬೇರೆಯಾಗಿ ತೂಗಿಸಲು ಆದರೆ ಅದನ್ನೂ ಮಾಡಿಸಿ. ಮೊದಲು ಮಿತಿ ಮೀರುವುದು ಅನೇಕ ಸಲ ಅದೇ.

ಬ್ರೇಕಿನ ಹದ ಹೀಗೆ ಕೂರಿಸಿ: ಖಾಲಿ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಕಂಟ್ರೋಲರಿನ ಗುಂಡಿ ಒತ್ತಿ. ಟ್ರೈಲರ್ ಹಿಂದೆ ಎಳೆದಂತಾಗಬೇಕು, ಚಕ್ರ ಜಾಮ್ ಆಗಬಾರದು. ಜಾಮ್ ಆಗುವುದಕ್ಕಿಂತ ಸ್ವಲ್ಪ ಕೆಳಗೆ ನಿಲ್ಲಿಸಿ. ಭಾರ ಬದಲಾದಾಗೆಲ್ಲ ಮತ್ತೆ ನೋಡಬೇಕು.

ಹೊಸ ಟ್ರೈಲರ್ ಅಥವಾ ಹೊಸದಾಗಿ ಹಾಕಿದ ಚಕ್ರವಾದರೆ 16, 40, 80 ಕಿಲೋಮೀಟರಿಗೆ ಒಂದೊಂದು ಸಲ ನಿಲ್ಲಿಸಿ ನಟ್ಟು ಬಿಗಿ ಮಾಡಿ. ಹೊಸ ಚಕ್ರ ಕೂರುತ್ತಾ ಕೂರುತ್ತಾ ನಟ್ಟು ಸಡಿಲಾಗುತ್ತದೆ. ಅದೇ ನಿಲ್ದಾಣಗಳಲ್ಲಿ ಬೆಲ್ಟು ಎಳೆದು ನೋಡಿ, ಚಕ್ರದ ನಡುವಿನ ಹಬ್ ಹತ್ತಿರ ಅಂಗೈ ತನ್ನಿ. ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಮುಟ್ಟಲಾಗದಷ್ಟು ಸುಡುತ್ತಿದ್ದರೆ ಬೇರಿಂಗ್ ಹೋಗುತ್ತಿದೆ ಅಥವಾ ಬ್ರೇಕು ಅಂಟಿಕೊಂಡಿದೆ. ವರ್ಷಕ್ಕೊಮ್ಮೆ ಅಥವಾ 19,000 ಕಿಲೋಮೀಟರಿಗೊಮ್ಮೆ ಗ್ರೀಸ್ ಹೊಸದು ತುಂಬಿಸಿ. ನೀರಿನಲ್ಲಿ ಮುಳುಗಿಸಿದ್ದರೆ ಅದಕ್ಕೂ ಮುಂಚೆ.

ಇನ್ನು ರಿವರ್ಸ್. ಎಲ್ಲರೂ ಹೆದರುವುದು ಇದಕ್ಕೇ. ಸ್ಟೇರಿಂಗಿನ ಕೆಳಭಾಗವನ್ನು ಒಂದೇ ಕೈಯಲ್ಲಿ ಹಿಡಿಯಿರಿ. ಕೈ ಎಡಕ್ಕೆ ಹೋದರೆ ಟ್ರೈಲರಿನ ಬಾಲ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ತಲೆ ಕೆಡಿಸಿಕೊಳ್ಳುವುದೇ ಬೇಡ. ಚಿಕ್ಕ ಟ್ರೈಲರ್ ಬೇಗ ಮಡಚಿಕೊಳ್ಳುತ್ತದೆ, ಉದ್ದದ್ದು ನಿಧಾನ, ಹಾಗಾಗಿ ಕಲಿಯಲು ಉದ್ದದ್ದೇ ಸುಲಭ. ಖಾಲಿ ಮೈದಾನದಲ್ಲಿ ಒಂದು ಬೆಳಗ್ಗೆ ಅಭ್ಯಾಸ ಮಾಡಿ. ಯಾರೂ ನೋಡದ ಹೊತ್ತಿನಲ್ಲಿ.